ಪಾಲೆಂಕೆಯ ಅಡುಗೆಮನೆಯಲ್ಲಿ ಕೇಳಿದ ಮಾತು

ಮಾಯಾ ಜನಾಂಗವೆಂದೊಡನೆ ಅನೇಕರು ಕೇಳುವ ಮೊದಲ ಪ್ರಶ್ನೆ, "ಅವರೆಲ್ಲ ಎಲ್ಲಿಗೆ ಮಾಯವಾದರು?" ಎಂಬುದು. ಆ ಹೆಸರು ಕನ್ನಡದ ಕಿವಿಗೆ ಕೇಳಿಸುವುದೇ ಹಾಗೆ. ನಮ್ಮ ಮಾಯೆಗೂ ಅವರ ಹೆಸರಿಗೂ ಯಾವ ನಂಟೂ ಇಲ್ಲ. ಮಹಾಭಾರತದ ಮಯನು ಸಾಗರ ದಾಟಿ ಹೋಗಿ ಅಲ್ಲಿನ ಗೋಪುರಗಳನ್ನು ಕಟ್ಟಿದನೆಂದು ಬರೆದ ಲೇಖನಗಳನ್ನೂ ನಾನು ಓದಿದ್ದೇನೆ, ಅದಕ್ಕೂ ಆಧಾರವಿಲ್ಲ. ಆದರೆ ಆ ಪ್ರಶ್ನೆಯೇ ಸರಿಯಾದುದಲ್ಲವೆಂಬುದು ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಒಂದು ಅಡುಗೆಮನೆಯಲ್ಲಿ ಮನದಟ್ಟಾಯಿತು. ಹಳೆಯ ವಿದ್ಯಾರ್ಥಿಗಳು ಕೆಲವರು ಆ ಪ್ರವಾಸದ ಬಗ್ಗೆ ಬರೆಯಿರೆಂದು ಕೇಳುತ್ತಲೇ ಇದ್ದುದರಿಂದ ಇಂದು ಬರೆಯುತ್ತಿದ್ದೇನೆ.

2013ರ ಫೆಬ್ರವರಿಯಲ್ಲಿ, ಟೆಕ್ಸಸ್‌ನಲ್ಲಿದ್ದ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದಾಗ, ಅಳಿಯ ಮೆಕ್ಸಿಕೋ ದೇಶಕ್ಕೆ ಒಂದು ವಾರದ ಪ್ರವಾಸವನ್ನು ಗೊತ್ತುಮಾಡಿದರು. ವಿಯಾಎರ್ಮೋಸಾ ಎಂಬ ಊರಿಗೆ ವಿಮಾನ. ಅಲ್ಲಿಂದ ಎರಡು ಗಂಟೆ ಕಾರಿನಲ್ಲಿ ಚಿಯಾಪಾಸ್ ರಾಜ್ಯದ ಪಾಲೆಂಕೆಗೆ. ದೊಡ್ಡ ಹೋಟೆಲುಗಳು ಬೇಡವೆಂದು ಮಗಳು ಒಂದು ಸಣ್ಣ ವಸತಿಗೃಹವನ್ನು ಹುಡುಕಿದ್ದಳು. ಹತ್ತು ಕೋಣೆಗಳು, ನಡುವೆ ಅಂಗಳ, ಅಂಗಳದಲ್ಲಿ ಒಂದು ಮಾವಿನ ಮರ. ಗಂಡ, ಹೆಂಡತಿ, ಅವಳ ತಾಯಿ, ಹೈಸ್ಕೂಲು ಓದುತ್ತಿದ್ದ ಒಬ್ಬಳು ಮಗಳು. ಇಷ್ಟು ಜನ ಸೇರಿ ಅದನ್ನು ನಡೆಸುತ್ತಿದ್ದರು. ಹಾಸಿಗೆ ಹೊದಿಕೆ ಒಗೆಯುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಹೊರಗಿನ ಆಳೆಂಬುದಿಲ್ಲ. ನಾನು ಉಪಾಧ್ಯಾಯಿನಿಯಾಗಿದ್ದೆನೆಂದು ಮಗಳು ಹೇಳಿದ ಕ್ಷಣದಿಂದ ಅವರು ನನ್ನನ್ನು "ಮಾಯೆಸ್ತ್ರಾ" ಎಂದು ಕರೆಯತೊಡಗಿದರು. ನಮ್ಮಲ್ಲಿ "ಟೀಚರ್" ಎನ್ನುವಂತೆಯೇ, ಗೌರವದ ಮಾತು. ಮೂವತ್ತು ವರ್ಷ ಕೇಳಿದ ಕರೆ ಬೇರೆ ಭಾಷೆಯಲ್ಲಿ ಕಿವಿಗೆ ಬಿದ್ದಾಗ ತುಸು ಉಬ್ಬಿದೆನೆಂದು ಹೇಳಲು ಸಂಕೋಚವೇನಿಲ್ಲ.

ನಾವು ಹೋಗುವುದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, 2012ರ ಡಿಸೆಂಬರ್ 21ರಂದು ಜಗತ್ತು ಮುಗಿಯುವುದೆಂಬ ಗದ್ದಲ ಎಲ್ಲೆಡೆ ಎದ್ದು ಅಡಗಿತ್ತು. ನಮ್ಮ ಟಿ.ವಿ. ಜ್ಯೋತಿಷಿಗಳೂ ಅದನ್ನು ಬಿಡಲಿಲ್ಲವೆಂಬುದು ನಿಮಗೆ ನೆನಪಿರಬಹುದು. ಮಾಯಾ ದೀರ್ಘಗಣನೆಯಲ್ಲಿ ಅಂದು 13 ಬಕ್ತುನ್‌ಗಳ, ಎಂದರೆ ಸುಮಾರು 5125 ವರ್ಷಗಳ, ಒಂದು ಸುತ್ತು ತುಂಬಿತು, ಅಷ್ಟೇ. ಯಜಮಾನನು ನಗುತ್ತಾ, "ಆ ವಾರ ಕೋಣೆಗಳೆಲ್ಲ ಭರ್ತಿ. ಆದರೆ ಬಂದವರೆಲ್ಲ ಮರುದಿನ ಬೆಳಗಿನ ತಿಂಡಿಗೂ ಸೇರಿಸಿಯೇ ಹಣ ಕೊಟ್ಟಿದ್ದರು" ಎಂದನು. ಪಾಲೆಂಕೆಯ ಶಾಸನವೊಂದು ತನ್ನ ಅರಸನ ಪಟ್ಟಾಭಿಷೇಕದ ಮಹಾವಾರ್ಷಿಕವನ್ನು ಕ್ರಿ.ಶ. 4772ರವರೆಗೆ ಎಣಿಸಿಟ್ಟಿದೆ. ಹಾಗೆ ಎಣಿಸಿದವರು 2012ಕ್ಕೆ ಅಂಗಡಿ ಮುಚ್ಚುವವರಲ್ಲ!

ಆ ಅರಸನ ಹೆಸರು ಪಕಲ್. ಪೂರ್ಣ ಹೆಸರು ಕಿನಿಚ್ ಜನಾಬ್ ಪಕಲ್. ಹುಟ್ಟಿದ್ದು 603ರಲ್ಲಿ, 615ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟವೇರಿದನು. ಅದಕ್ಕೆ ಸ್ವಲ್ಪ ಮೊದಲು ಕಲಕ್‌ಮುಲ್ ಎಂಬ ಪ್ರಬಲ ರಾಜ್ಯವು ಪಾಲೆಂಕೆಯನ್ನು ಎರಡು ಬಾರಿ ಸೂರೆಗೊಂಡಿತ್ತು. ಅಂಥ ಹಾಳೂರಿನ ಕಿರೀಟವನ್ನು ತಾಯಿಯೇ ಬಾಲಕನಿಗೆ ನೀಡುತ್ತಿರುವ ಕೆತ್ತನೆ ಅರಮನೆಯ ಗೋಡೆಯಲ್ಲಿದೆ. ಅವನು 683ರವರೆಗೆ, ಅರುವತ್ತೆಂಟು ವರ್ಷ ಆಳಿದನು. ಅವನು ಪಟ್ಟಕ್ಕೆ ಬಂದಾಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದನು. 634ರ ಐಹೊಳೆಯ ಶಾಸನದ ಕಾಲಕ್ಕೆ ಪಕಲನಿಗೆ ಮೂವತ್ತೊಂದು. ಒಬ್ಬರಿಗೆ ಇನ್ನೊಬ್ಬರ ಖಂಡವಿರುವುದೇ ತಿಳಿಯದು. ಹೀಗೆ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಚಟ ನನ್ನದು. ನನ್ನ ತರಗತಿಯಲ್ಲಿ ಕುಳಿತವರಿಗೆ ಅದು ಗೊತ್ತೇ ಇದೆ.

ಊರಿನಿಂದ ಸುಮಾರು ಎಂಟು ಕಿಲೋಮೀಟರು ದೂರದಲ್ಲಿ ಕಾಡು ತುಂಬಿದ ಬೆಟ್ಟದ ತಪ್ಪಲಿನಲ್ಲಿ ಅವಶೇಷಗಳಿವೆ. ಬೆಳಗಿನ ಮಂಜಿನಲ್ಲಿ ಹುಲಿಯೇ ಗರ್ಜಿಸಿದಂತಹ ಸದ್ದು ಕೇಳಿ ನಮ್ಮವರು ಹಿಂದೆ ಸರಿದರು. ಅದು ಅಲ್ಲಿನ ಕೂಗು ಕಪಿಗಳ ಕೆಲಸವಂತೆ. ಬೆಟ್ಟದಿಂದ ಇಳಿಯುವ ಓತುಲುಂ ತೊರೆಯನ್ನು ಕಲ್ಲುಗಳಿಂದ ಮುಚ್ಚಿದ ಕಾಲುವೆಯ ಮೂಲಕ ಅರಮನೆಯ ಪಕ್ಕದಲ್ಲಿ ಹಾಯಿಸಿದ್ದಾರೆ. ಊರಿನ ಪ್ರಾಚೀನ ಹೆಸರು ಲಕಮ್‌ಹಾ, ಎಂದರೆ ದೊಡ್ಡ ನೀರು. ಈ ಹೆಸರನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಶಾಸನಗಳ ಗುಡಿ. ಅದರ ನೆಲದ ಒಂದು ಚಪ್ಪಡಿಯಲ್ಲಿ ಸಾಲು ತೂತುಗಳಿರುವುದನ್ನು ಆಲ್ಬೆರ್ತೊ ರೂಸ್ ಎಂಬ ಪುರಾತತ್ತ್ವಜ್ಞರು ಗಮನಿಸಿದರು. ಚಪ್ಪಡಿಯನ್ನು ಎತ್ತಿದರೆ ಕೆಳಗೆ ಮೆಟ್ಟಿಲುಗಳು, ಅವುಗಳ ಮೇಲೆ ಕಲ್ಲುಮಣ್ಣು ಗಿಡಿದು ತುಂಬಿದ್ದರು. ಅದನ್ನು ತೆರವು ಮಾಡಲು ನಾಲ್ಕು ಹಂಗಾಮುಗಳೇ ಹಿಡಿದವು. 1952ರ ಜೂನ್ 15ರಂದು ತಳದ ಕೋಣೆಯ ಬಾಗಿಲು ಸರಿಯಿತು. ಸುಮಾರು 3.8 ಮೀಟರು ಉದ್ದದ ಒಂದೇ ಕಲ್ಲಿನ ಕೆತ್ತನೆಯ ಮುಚ್ಚಳ. ಅದೇ ವರ್ಷದ ಕೊನೆಗೆ ಅದನ್ನೆತ್ತಿದಾಗ ಒಳಗೆ ಹಸಿರು ಜೇಡ್ ಮಣಿಯ ಮುಖವಾಡ ತೊಟ್ಟ ಪಕಲನ ಅಸ್ಥಿ. ವಸತಿಗೃಹದ ಯಜಮಾನನ ತಂದೆ ಆ ಮೆಟ್ಟಿಲುಗಳಿಂದ ಕಲ್ಲುಮಣ್ಣು ಹೊತ್ತವರಲ್ಲಿ ಒಬ್ಬರಂತೆ. "ನಾಲ್ಕು ವರ್ಷ ಹೊತ್ತರೂ ಅಪ್ಪನಿಗೆ ಆ ಮುಖವಾಡವನ್ನು ಹತ್ತಿರದಿಂದ ನೋಡಲು ಆಗಲಿಲ್ಲ" ಎಂದು ಆತನು ಹೇಳಿದನು. ಮುಖವಾಡವು ಮೆಕ್ಸಿಕೋ ನಗರದ ಮ್ಯೂಸಿಯಂ ಸೇರಿತು. 1985ರಲ್ಲಿ ಅಲ್ಲಿಂದ ಕಳುವಾಗಿ 1989ರಲ್ಲಿ ಮರಳಿ ಸಿಕ್ಕಿತು. ರೂಸ್ ಅವರು 1979ರಲ್ಲಿ ತೀರಿಕೊಂಡರು. ಅವರ ಸಮಾಧಿ ಆ ಗುಡಿಯ ಎದುರಿಗೇ ಇದೆ.

ಪಾಲೆಂಕೆಯಲ್ಲಿ ತಂಗಿದವರ ಕಥೆಗಳೇ ಒಂದು ಪುಸ್ತಕವಾಗುವಷ್ಟಿವೆ. ತನ್ನನ್ನು ಕೌಂಟ್ ಎಂದು ಕರೆದುಕೊಳ್ಳುತ್ತಿದ್ದ ವಾಲ್ಡೆಕ್ ಎಂಬ ಚಿತ್ರಕಾರನು 1832ರಲ್ಲಿ ಬಂದು ಅವಶೇಷಗಳ ನಡುವೆಯೇ ಬಿಡಾರ ಹೂಡಿದನು. ಒಂದು ಗುಡಿಗೆ ಇಂದಿಗೂ ಕೌಂಟನ ಗುಡಿಯೆಂದೇ ಹೆಸರು. ಅವನು ಬಿಡಿಸಿದ ಲಿಪಿಚಿತ್ರಗಳಲ್ಲಿ ಆನೆಯ ತಲೆಗಳು ಕಾಣಿಸಿಕೊಂಡವು. ಕಲ್ಲಿನಲ್ಲಿ ಆನೆ ಇರಲಿಲ್ಲ, ಅದು ಇದ್ದುದು ಅವನ ತಲೆಯಲ್ಲಿ. ಈ ಕಟ್ಟಡಗಳನ್ನು ಇಲ್ಲಿಯವರೇ ಕಟ್ಟಿರಲಾರರು, ಹಳೆಯ ಜಗತ್ತಿನಿಂದ ಯಾರೋ ಬಂದಿರಬೇಕೆಂಬುದು ಆ ಕಾಲದ ಹಲವರ ನಂಬಿಕೆ. ಆದರೆ 1840ರಲ್ಲಿ ಬಂದ ಅಮೆರಿಕದ ಸ್ಟೀಫನ್ಸ್ ಮತ್ತು ಇಂಗ್ಲಿಷ್ ಚಿತ್ರಕಾರ ಕ್ಯಾದರ್‌ವುಡ್ ಇವರು ಕಂಡದ್ದನ್ನು ಕಂಡಂತೆ ಬರೆದರು, ಬಿಡಿಸಿದರು. ಅರಮನೆಯ ಪಡಸಾಲೆಯಲ್ಲಿ ಮಳೆಯ ಎರಚಲು, ಸೊಳ್ಳೆ. ಗಾಳಿಗೆ ಮೇಣದಬತ್ತಿ ನಿಲ್ಲದ ಆ ಕಡೆ ಮಿಂಚುಹುಳುವಿನ ಬೆಳಕಿನಲ್ಲಿ ವೃತ್ತಪತ್ರಿಕೆ ಓದಿದೆವೆಂದು ಸ್ಟೀಫನ್ಸ್ ಬರೆದಿದ್ದಾನೆ. ಅವನು ಕೊಪಾನ್ ಎಂಬ ಇನ್ನೊಂದು ಮಾಯಾ ನಗರವನ್ನು 50 ಡಾಲರಿಗೆ ಕೊಂಡವನು. ಪಾಲೆಂಕೆಯನ್ನೂ ಕೊಳ್ಳಲು ಹೊರಟಾಗ, ಭೂಮಿ ಕೊಳ್ಳುವ ಪರದೇಶಿಯು ಅಲ್ಲಿನ ಹೆಣ್ಣನ್ನು ಮದುವೆಯಾಗಿರಬೇಕೆಂಬ ಕಾನೂನು ಅಡ್ಡಬಂದಿತು! ಈ ನಗರಗಳನ್ನು ಕಟ್ಟಿದವರು ಇಲ್ಲಿನ ಜನರ ಪೂರ್ವಿಕರೇ, ಈ ಕಲ್ಲುಗಳಲ್ಲಿರುವುದು ಅವರ ಚರಿತ್ರೆ ಎಂದು ಅವನು 1841ರ ತನ್ನ ಗ್ರಂಥದಲ್ಲಿ ಹೇಳಿದನು. ಅದನ್ನು ಓದಬಲ್ಲವರು ಮಾತ್ರ ಆಗ ಯಾರೂ ಇರಲಿಲ್ಲ.

ಇನ್ನು ಅಡುಗೆಮನೆಗೆ ಬರುತ್ತೇನೆ. ನಾವು ಸಸ್ಯಾಹಾರಿಗಳೆಂಬುದನ್ನು ತಿಳಿಸಲು ಮಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಪ್ಪು ಹುರುಳಿಯಂತಹ ಬೀನ್ಸನ್ನು ಅವರು ಹಂದಿಯ ಕೊಬ್ಬಿನಲ್ಲಿ ಬಾಡಿಸುವ ರೂಢಿ. ಎರಡನೆಯ ದಿನ ಯಜಮಾನಿಯು ನನ್ನನ್ನು ಒಳಗೇ ಕರೆದು, ಎಣ್ಣೆಯ ಬಾಟಲಿಯನ್ನು ತೋರಿಸಿ, ನನ್ನ ಕಣ್ಣೆದುರಿಗೇ ಬೇಯಿಸಿದಳು. ಅವಳ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಮೂಲೆಯಲ್ಲಿ ಕುಳಿತು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಜೋಳವನ್ನು ತೊಳೆಯುತ್ತಿದ್ದರು. (ಜೋಳವೆಂದರೆ ನಮ್ಮ ಮುಸುಕಿನ ಜೋಳ.) ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಕಾಳಿನ ಸತ್ವವೂ ಮೈಗೆ ಹತ್ತುತ್ತದೆ, ಸಾವಿರಾರು ವರ್ಷಗಳ ವಿದ್ಯೆ. ಎಲೆಗೆ ಹಚ್ಚುವ ಸುಣ್ಣ ಅಡುಗೆಗೂ ಬರುವುದನ್ನು ಕಂಡು ನನಗೆ ವಿಚಿತ್ರವೆನಿಸಿತು. ನಾನು ರೊಟ್ಟಿಯನ್ನು ತೋರಿಸಿ ಹೆಸರೇನೆಂದು ಕೇಳಿದೆ. ಮಗಳು "ತೋರ್ತಿಯಾ" ಎಂದಳು. ಅಜ್ಜಿ ತಲೆಯಲ್ಲಾಡಿಸಿ ಮೆಲ್ಲಗೆ, "ವಾಹ್" ಎಂದರು. ಜೋಳಕ್ಕೆ "ಇಶಿಮ್", ನೀರಿಗೆ "ಹಾ". ಅದು ಚೋಲ್ ಭಾಷೆ, ಅವರ ತಾಯ್ನುಡಿ. ಲಕಮ್‌ಹಾ ಎಂಬ ಹೆಸರಿನ "ಹಾ" ಅದೇ ನೀರು. "ವಾಹ್" ಎಂಬ ರೊಟ್ಟಿಯ ಪದವೂ ಹಳೆಯ ಮಾಯಾ ಲಿಪಿಯಲ್ಲಿ ಹಾಗೆಯೇ ಇದೆ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಪದ ಬಿಸಿಬಿಸಿಯಾಗಿ ನನ್ನ ತಟ್ಟೆಗೆ ಬಿದ್ದಿತು.

ಬಾಲ್ಯದಲ್ಲಿ ಶಾಲೆಯಲ್ಲಿ ಚೋಲ್ ಆಡಿದರೆ ಬೆತ್ತದ ಏಟು ಬೀಳುತ್ತಿತ್ತೆಂದು ಅಜ್ಜಿ ಹೇಳಿದರು. ಆ ಏಟು ತಮ್ಮ ಮಕ್ಕಳಿಗೆ ಬೀಳದಿರಲೆಂದು ಮನೆಯಲ್ಲಿ ಅವರೊಡನೆ ಸ್ಪ್ಯಾನಿಷ್ ಮಾತ್ರ ಆಡಿದರಂತೆ. ಯಜಮಾನಿಗೆ ತಾಯಿಯ ಮಾತು ಅರ್ಥವಾಗುತ್ತದೆ, ಆಡಲು ಬಾರದು. ಈ ಸಂಗತಿಯನ್ನು ಮಗಳು ನನಗೆ ಕನ್ನಡದಲ್ಲಿ ವಿವರಿಸುತ್ತಿದ್ದಾಗ ನನ್ನ ಮೊಮ್ಮಗ ಪಕ್ಕದಲ್ಲೇ ಇದ್ದು, "ವಾಟ್ ಡಿಡ್ ಶಿ ಸೇ?" ಎಂದು ತಾಯಿಯನ್ನು ಕೇಳಿದನು.

ಇನ್ನು ಲಿಪಿಯ ವಿಷಯ. 1562ರ ಜುಲೈನಲ್ಲಿ ಯುಕತಾನದ ಮಾನಿ ಎಂಬಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿಯು ಮಾಯಾ ಜನರ ವಿಗ್ರಹಗಳೊಂದಿಗೆ ಅವರ ಪುಸ್ತಕಗಳನ್ನೂ ಸುಡಿಸಿದನು. ಜನರು ಅದರಿಂದ ಬಹಳ ಸಂಕಟಪಟ್ಟರೆಂದು ಅವನೇ ಬರೆದಿಟ್ಟಿದ್ದಾನೆ. ಇಡೀ ಮಾಯಾ ಜಗತ್ತಿನಿಂದ ಇಂದು ಉಳಿದಿರುವ ಹಳೆಯ ಪುಸ್ತಕಗಳು ನಾಲ್ಕೇ ನಾಲ್ಕು. ಆದರೆ ಚರಿತ್ರೆಯ ವಕ್ರಗತಿಯನ್ನು ನೋಡಿ: ಸುಮಾರು 1566ರಲ್ಲಿ ಅದೇ ಲಾಂದಾ ತನ್ನ ನಡತೆಯ ಸಮರ್ಥನೆಗೆಂದು ಸ್ಪೇನಿನಲ್ಲಿ ಒಂದು ಗ್ರಂಥ ಬರೆದು, ಅದರಲ್ಲಿ ಮಾಯಾ "ಅಕ್ಷರಮಾಲೆ"ಯನ್ನೂ ಸೇರಿಸಿದನು. ಅದರ ಪ್ರತಿಯೊಂದು 1862ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಿಕ್ಕಿತು. ಅದನ್ನಿಟ್ಟುಕೊಂಡು ಓದಹೊರಟವರೆಲ್ಲ ಸೋತರು. ಏಕೆ?

ಕನ್ನಡ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲಾಂದಾ ತನ್ನ ಎದುರಿಗಿದ್ದ ಮಾಯಾ ವಿದ್ವಾಂಸನನ್ನು ಆ, ಬೆ, ಸೆ ಎಂದು ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳಿ, ಬರೆದು ತೋರಿಸೆಂದನು. ಆತನ ಲಿಪಿಯಲ್ಲಿ ಅಂತಹ ಬಿಡಿ ವ್ಯಂಜನಗಳಿಲ್ಲ. ಇರುವುದು ನಮ್ಮ ಕಾಗುಣಿತದಂತೆ ವ್ಯಂಜನ ಸ್ವರ ಕೂಡಿದ ಉಚ್ಚಾರ. "ಬೆ" ಎಂದು ಕೇಳಿದಾಗ ಆತ ದಾರಿಯ ಮೇಲಿನ ಹೆಜ್ಜೆಗುರುತನ್ನು ಬರೆದನು. ಮಾಯಾ ಭಾಷೆಯಲ್ಲಿ "ಬೆ" ಎಂದರೆ ದಾರಿ. ಎ, ಬಿ, ಸಿ ಕೇಳಿದವನಿಗೆ ಕ, ಕಾ, ಕಿ ಕೊಟ್ಟಂತಾಯಿತು. ಕೊನೆಗೆ ಒಂದು ವಾಕ್ಯ ಬರೆಯೆಂದಾಗ ಆತ ಬರೆದದ್ದು: "ಮಾ ಇನ್ ಕಾತಿ". ಅರ್ಥ, "ನನಗೆ ಇಷ್ಟವಿಲ್ಲ". ಲಾಂದಾ ಅದನ್ನು ಉದಾಹರಣೆಯಾಗಿ ತನ್ನ ಗ್ರಂಥದಲ್ಲಿ ಇಟ್ಟುಕೊಂಡನು. ಈ ವಾಕ್ಯವನ್ನು ಮೊದಲು ಓದಿದಾಗ ನನಗೆ ನಗು ಬಂದಿತ್ತು. ಆ ಅಜ್ಜಿಯ ಮಾತು ಕೇಳಿದ ಮೇಲೆ ನಗು ಬರುತ್ತಿಲ್ಲ.

ಗುಟ್ಟನ್ನು ಕಂಡುಕೊಂಡವರು ಮಾಯಾ ನಾಡನ್ನೇ ನೋಡಿರದ ಒಬ್ಬ ರಷ್ಯನ್, ಯೂರಿ ಕ್ನೊರೊಜೊವ್. 1952ರಲ್ಲಿ, ಪಕಲನ ಸಮಾಧಿ ತೆರೆದ ಅದೇ ವರ್ಷ, ಅವರ ಲೇಖನ ಪ್ರಕಟವಾಯಿತು. ಅವರ ತರ್ಕವನ್ನು ಕರಿಹಲಗೆಯ ಮೇಲೆ ಬರೆಯಬಹುದು. ಹಳೆಯ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆಗಳಿವೆ. ಮೊದಲನೆಯದು ಲಾಂದಾ ಕೊಟ್ಟ "ಕು". ಆ ಕೋಳಿಗೆ ಯುಕತಾನದ ಮಾಯಾ ಭಾಷೆಯಲ್ಲಿ "ಕುತ್ಸ್" ಎನ್ನುತ್ತಾರೆ; ಹಾಗಾದರೆ ಎರಡನೆಯದು "ತ್ಸು" ಇರಬೇಕು, ಕೊನೆಯ ಸ್ವರವನ್ನು ಓದುವುದಿಲ್ಲ. ನಾಯಿಗೆ "ತ್ಸುಲ್". ಹಾಗಾದರೆ ನಾಯಿಯ ಚಿತ್ರದ ಮೇಲಿನ ಮೊದಲ ಚಿಹ್ನೆ ಅದೇ "ತ್ಸು" ಆಗಿರಬೇಕಲ್ಲವೆ? ನೋಡಿದರೆ ಅದೇ! ಪಕಲನ ಹೆಸರನ್ನೂ ಕೆಲವೆಡೆ ಗುರಾಣಿಯ ಚಿತ್ರವಾಗಿ (ಪಕಲ್ ಎಂದರೆ ಗುರಾಣಿ), ಕೆಲವೆಡೆ ಪ, ಕ, ಲ ಎಂಬ ಮೂರು ಚಿಹ್ನೆಗಳಾಗಿ ಬರೆದಿದ್ದಾರೆ.

ಆದರೆ ಆ ಕ್ಷೇತ್ರದ ಹಿರಿಯರಾದ ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರು 1975ರಲ್ಲಿ ತೀರಿಕೊಂಡರು. ಹಿರಿಯರೊಬ್ಬರ ವಿದ್ವತ್ತು ಒಂದು ಇಡೀ ಕ್ಷೇತ್ರಕ್ಕೆ ಅಡ್ಡಗೋಡೆಯಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಈ ನಡುವೆ 1960ರಲ್ಲಿ ತತಿಯಾನ ಪ್ರೊಸ್ಕೂರಿಯಾಕಾಫ್ ಎಂಬ ವಿದುಷಿ, ಪಿಯೆದ್ರಾಸ್ ನೆಗ್ರಾಸ್ ಎಂಬಲ್ಲಿನ ಕಂಬಗಳ ಇಸವಿಗಳು ಒಬ್ಬೊಬ್ಬ ಮನುಷ್ಯನ ಆಯುಷ್ಯದಷ್ಟೇ ಇರುವುದನ್ನು ಗುರುತಿಸಿ, ಅವು ಅರಸರ ಜನನ ಮತ್ತು ಪಟ್ಟಾಭಿಷೇಕಗಳ ದಾಖಲೆಗಳೆಂದು ತೋರಿಸಿದ್ದರು.

ಇವೆರಡೂ ದಾರಿಗಳು ಕೂಡಿದ್ದು ಪಾಲೆಂಕೆ ಊರಿನ ಒಂದು ಮನೆಯಲ್ಲಿ. 1973ರ ಡಿಸೆಂಬರಿನಲ್ಲಿ, ಶಾಸನಗಳ ಅಚ್ಚು ತೆಗೆಯುತ್ತಿದ್ದ ಮರ್ಲ್ ಗ್ರೀನ್ ರಾಬರ್ಟ್‌ಸನ್ ಎಂಬ ಕಲಾವಿದೆಯ ಮನೆಯಲ್ಲಿ ಹಲವಾರು ವಿದ್ವಾಂಸರು ಸೇರಿದರು. ಅಲ್ಲಿ ಲಿಂಡಾ ಶೀಲಿ ಎಂಬ ಚಿತ್ರಕಲೆಯ ಅಧ್ಯಾಪಕಿ ಮತ್ತು ಪೀಟರ್ ಮ್ಯಾಥ್ಯೂಸ್ ಎಂಬ ವಿದ್ಯಾರ್ಥಿ ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತು, ಭಾಷಾಶಾಸ್ತ್ರಜ್ಞ ಫ್ಲಾಯ್ಡ್ ಲೌನ್ಸ್‌ಬರಿಯವರ ವಿದ್ಯೆಯ ನೆರವು ಪಡೆದು, ಏಳನೆಯ ಶತಮಾನದಿಂದ ನಗರದ ಅವನತಿಯವರೆಗಿನ ಅರಸರ ಸಾಲನ್ನು ಇಸವಿ ಸಮೇತ ಬಿಡಿಸಿದರು. ಶೀಲಿಯವರು ಮೂರು ವರ್ಷ ಹಿಂದೆ ಪಾಲೆಂಕೆಗೆ ಸುಮ್ಮನೆ ಪ್ರವಾಸಿಯಾಗಿ ಬಂದು, ಅಲ್ಲೇ ಸಿಕ್ಕಿಬಿದ್ದವರು! ರಾಜರ ಹೆಸರುಗಳನ್ನು ಅಂದು ಚೋಲ್ ಮಾತಿನಲ್ಲಿ ಕೊಟ್ಟರು. ಪಕಲನ ಮಗ ಚನ್ ಬಹ್ಲುಮ್ ಆದನು. ಬಹ್ಲುಮ್ ಎಂದರೆ ಚೋಲ್‌ನಲ್ಲಿ ಜಾಗ್ವಾರ್. (ಇಂದು ಅವನ ಹೆಸರನ್ನು ಕಾನ್ ಬಹ್ಲಮ್ ಎಂದು ಓದುತ್ತಾರೆ.) 1978ರ ಅಲ್ಲಿನ ಗೋಷ್ಠಿಯಲ್ಲಿ ಡೇವಿಡ್ ಸ್ಟುವರ್ಟ್ ಎಂಬ ಹನ್ನೆರಡು ಹದಿಮೂರರ ಹುಡುಗ ಪ್ರಬಂಧ ಓದಿದನು, ಮುಂದೆ ಲಿಪಿಯ ಅನೇಕ ಅಕ್ಷರಗಳನ್ನು ಗುರುತಿಸಿದವರು ಅವರೇ.

ಶಾಸನಗಳ ಭಾಷೆ ಚೋಲ್ ಕುಲದ್ದೆಂದು ಈಗ ಬಹುಮಟ್ಟಿಗೆ ಒಪ್ಪಿದ್ದಾರೆ. ಗ್ವಾಟೆಮಾಲಾ ಗಡಿಯ ಚೋರ್ತಿ ಅದಕ್ಕೆ ತೀರ ಹತ್ತಿರ. ಪಾಲೆಂಕೆಯ ಚೋಲ್ ಅದರ ಒಡಹುಟ್ಟು. ಮಾಯಾ ಕುಟುಂಬದಲ್ಲಿ ಇಂದಿಗೂ ಸುಮಾರು ಮೂವತ್ತು ಭಾಷೆಗಳಿವೆ. ಚೋಲ್ ಒಂದನ್ನೇ ಎರಡು ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಪುಸ್ತಕಗಳು ಸುಟ್ಟವು, ಲಿಪಿ ಮರೆತುಹೋಯಿತು. ಆದರೆ ಜೋಳ ತೊಳೆಯುವವರು, ನೀರು ಹೊರುವವರು ಮಾತನ್ನು ಬಿಟ್ಟುಕೊಡಲಿಲ್ಲ. ಆ ಮಾತು ಉಳಿಯದಿದ್ದಲ್ಲಿ ಕ್ನೊರೊಜೊವ್ ಕೈಯಲ್ಲಿ ಕೋಳಿಯ ಚಿತ್ರವಿರುತ್ತಿತ್ತು, ಅದರ ಹೆಸರಿರುತ್ತಿರಲಿಲ್ಲ.

ನಾವು ಹೊರಡುವ ಹಿಂದಿನ ಸಂಜೆ ಆ ಮನೆಯ ಹುಡುಗಿ ಅತಿಥಿಗಳ ಪುಸ್ತಕವನ್ನು ತಂದಳು. ಮಾಯಾ ಅಕ್ಷರಗಳನ್ನು ಕಲಿಸುವ ಒಂದು ಶಿಬಿರಕ್ಕೆ ಹೋಗಿ ಬಂದಿದ್ದಳಂತೆ. ಲಿಂಡಾ ಶೀಲಿಯವರೂ ತಮ್ಮ ಕೊನೆಯ ವರ್ಷಗಳಲ್ಲಿ, 1998ರಲ್ಲಿ ತೀರಿಕೊಳ್ಳುವವರೆಗೆ, ಗ್ವಾಟೆಮಾಲಾದ ಮಾಯಾ ಜನರಿಗೆ ಇಂತಹ ಶಿಬಿರಗಳನ್ನು ನಡೆಸಿದ್ದರು. ಅವಳು ಮೊಮ್ಮಗನ ಹೆಸರನ್ನು ಉಚ್ಚಾರ ಉಚ್ಚಾರವಾಗಿ ಬಿಡಿಸಿ ಬರೆಯಲು ಕುಳಿತಳು. ಹೆಸರಿನಲ್ಲಿ ರಕಾರವಿದೆ, ಆ ಲಿಪಿಯಲ್ಲಿ ರಕಾರವಿಲ್ಲ. ಅಜ್ಜಿಯನ್ನು ಕೇಳಿ ಬಂದು "ಲ" ಹಾಕಿದಳು. ಅದರ ಕೆಳಗೆ ನಾನು ಅದೇ ಹೆಸರನ್ನು ಕನ್ನಡದಲ್ಲಿ ಬರೆದೆ. ಹುಡುಗಿ ಎರಡನ್ನೂ ನೋಡಿ, ಇದರಲ್ಲಿಯೂ ಒಂದೊಂದು ಉಚ್ಚಾರಕ್ಕೆ ಒಂದೊಂದು ಚಿಹ್ನೆಯೆ ಎಂದು ಕೇಳಿದಳು. ಹೌದೆಂದು ಕಾಗುಣಿತದ ಒಂದು ಸಾಲನ್ನು ಬರೆದು ತೋರಿಸಿದೆ. ಮೊಮ್ಮಗ ನನ್ನ ಪೆನ್ನು ಕಿತ್ತುಕೊಂಡು ಎರಡನ್ನೂ ತಿದ್ದತೊಡಗಿದನು. ಮಾಯಾ ಅಕ್ಷರ ಅವನಿಗೆ ಹೆಚ್ಚು ಇಷ್ಟವಾಯಿತು, ಅದರಲ್ಲಿ ಮುಖಗಳಿವೆಯಲ್ಲ!

ಹೋಗಬಯಸುವವರಿಗೆ ಎರಡು ಮಾತು. 2023ರ ಡಿಸೆಂಬರಿನಿಂದ ಮಾಯಾ ರೈಲು ಪಾಲೆಂಕೆಯನ್ನು ಕಾನ್‌ಕೂನ್‌ಗೆ ಜೋಡಿಸಿದೆ. ಆದುದರಿಂದ ಪ್ರಯಾಣ ನಮ್ಮಷ್ಟು ಕಷ್ಟವಾಗದು. ನಾವು ಹೋದಾಗ ಪಕಲನ ಸಮಾಧಿಗೆ ಇಳಿಯಲು ಬಿಡುತ್ತಿರಲಿಲ್ಲ, ಆದರೆ ಅಲ್ಲಿನ ಮ್ಯೂಸಿಯಂನಲ್ಲಿ ಅದರ ಪ್ರತಿಕೃತಿಯನ್ನು ಸಾವಕಾಶವಾಗಿ ನೋಡಬಹುದಿತ್ತು. ಊಟಕ್ಕೆ ಕುಳಿತಾಗ ಬೀನ್ಸ್ ಬರುವ ಮೊದಲೇ "ಸಿನ್ ಮಾಂತೆಕಾ" ಎಂದು ಹೇಳಿಬಿಡಿ. ಹಂದಿಯ ಕೊಬ್ಬು ಬೇಡವೆಂದು ಅರ್ಥ.